ಜವಳಿಯಲ್ಲಿದ್ದಾರೆ

ಸಾಕ್ಷಿ ಹೇಳಲು ಬರುವವರ ಮುಂದೆ ಇಡುವ ಫಲಕದ ಮೇಲೆ ಏನು ಬರೆಯಬೇಕೆಂದು ತೋಚದೆ ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದಳು. ಉಳಿದ ಫಲಕಗಳೆಲ್ಲ ಆಗಲೇ ಉದ್ದನೆಯ ಮೇಜಿನ ಮೇಲೆ ತಮ್ಮ ತಮ್ಮ ಜಾಗ ಹಿಡಿದಿದ್ದವು. ಒಂದು ಬದಿಗೆ ವ್ಯಾಪಾರಿಗಳ ಒಕ್ಕೂಟದ ಅಧ್ಯಕ್ಷರು, ಕಾರ್ಯದರ್ಶಿ, ಸುತ್ತಲಿನ ಊರುಗಳ ವಾಣಿಜ್ಯ ಮಂಡಳಿಗಳಿಂದ ಬರುವ ಪ್ರತಿನಿಧಿಗಳು. ಎದುರು ಬದಿಗೆ ಸರ್ಕಾರ ನೇಮಿಸಿದ ಸಮಿತಿಯ ನಿವೃತ್ತ ನ್ಯಾಯಾಧೀಶರು ಮತ್ತು ಅವರ ಜೊತೆಯ ಸದಸ್ಯರು. ಅಂಗಡಿಗಳಲ್ಲಿ ದಿನವಿಡೀ ನಿಂತು ಮಾರುವವರಿಗೆ, ಗಿರಾಕಿ ಇಲ್ಲದ ಹೊತ್ತಿನಲ್ಲಾದರೂ ಕೂರಲು ಒಂದು ಆಸನ ಕೊಡಬೇಕೆಂದು ಸರ್ಕಾರ ನಿಯಮವೊಂದರ ಕರಡು ತಂದಿತ್ತು. ಅದು ಬೇಡವೆಂದು ವ್ಯಾಪಾರಿಗಳೆಲ್ಲರ ಪರವಾಗಿ ಹೇಳುವುದು ಒಕ್ಕೂಟದ ಕೆಲಸ. ಬೇಡ ಎನ್ನುವುದು ಬೇಡ ಎಂದು ಕೇಳಿಸದ ಹಾಗೆ ಬರೆದುಕೊಡುವುದು ಅವಳ ಕೆಲಸ. ಹಾಗೆ ಬರೆದದ್ದಕ್ಕೆ ಇಲ್ಲಿ 'ಒಕ್ಕೂಟದ ನಿಲುವು' ಎಂದು ಹೆಸರು.

"ಹೆಸರು ಗಿಸರು ಏನೂ ಬೇಡ ಮೇಡಂ. 'ಮಾರಾಟ ಸಿಬ್ಬಂದಿ' ಅಂತ ಹಾಕಿ, ಸಾಕು," ಎಂದು ಕಾರ್ಯದರ್ಶಿ ಬಾಗಿಲಿಂದಲೇ ಹೇಳಿದರು. "ಅಧ್ಯಕ್ಷರು ತಮ್ಮ ಶೋರೂಮಿಂದ ಯಾರೋ ಒಬ್ಬರು ಹಳಬರನ್ನ ಕರ್ಕೊಂಡು ಬರ್ತಾರಂತೆ. ಹೆಂಗಸು. ಮಾತು ಚೆನ್ನಾಗಿ ಆಡ್ತಾರಂತೆ."

"ಯಾರು ಸಾರ್?"

"ಯಾರಾದ್ರೇನು ಬಿಡಿ. ಆಸನ ಬೇಡ ಅಂತ ಅವರ ಬಾಯಲ್ಲೇ ಬಂದ್ರೆ ಮುಗೀತು."

ಯಾರು ಎಂದು ಕೇಳಿದ್ದು ಬರೀ ನಾಟಕ. ಯಾರಿರಬಹುದೆಂಬ ಊಹೆ ಅವಳಿಗೆ ಆಗಲೇ ಇತ್ತು. ಬೆಳಿಗ್ಗೆ ಅಕ್ಕ ಕನ್ನಡಿಯ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ದಳು. ಬಚ್ಚಲಿನ ಬಾಗಿಲ ಪಕ್ಕದ ಆ ಕನ್ನಡಿಯ ಒಂದು ಬದಿಗೆ ರಸ ಹೋಗಿ ಕಪ್ಪು ಹತ್ತಿದೆ, ಅದನ್ನು ತಪ್ಪಿಸಲು ತಲೆಯನ್ನು ಓರೆ ಮಾಡಿ ಕೂದಲು ಒಪ್ಪ ಮಾಡಿಕೊಳ್ಳುತ್ತ, "ಇವತ್ತು ಸಾಹುಕಾರರ ಕಾರಲ್ಲಿ ಸವಾರಿ ಕಣೇ ಗುಬ್ಬಿ. ಎಲ್ಲೋ ಮೀಟಿಂಗಂತೆ, ನಾನು ಮಾತಾಡಬೇಕಂತೆ. ಈ ಹಸಿರು ನನಗೆ ಒಪ್ಪತ್ತಾ, ಇಲ್ಲ ಗಿಣಿ ಥರ ಕಾಣ್ತೀನಾ?" ಎಂದು ಕೇಳಿದ್ದಳು. ಅವಳು ಕೈಚೀಲದಲ್ಲಿ ಏನೋ ಹುಡುಕುವವಳ ಹಾಗೆ ಬಗ್ಗಿಕೊಂಡು "ಒಪ್ಪತ್ತೆ" ಎಂದಳು. ಎಲ್ಲಿ ಮೀಟಿಂಗು, ಯಾತರ ಮೀಟಿಂಗು ಎಂದು ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತಿತ್ತು, ಗೊತ್ತಾದರೆ ಏನಾದರೂ ಮಾಡಲೇಬೇಕಾಗುತ್ತಿತ್ತು. ತಲೆನೋವೆಂದು ರಜೆ ಹಾಕಬಹುದಿತ್ತು. ಅಥವಾ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ಏನೆಂದು? ಆ ವಾಕ್ಯ ಎಲ್ಲಿಂದ ಶುರುವಾಗಬೇಕು? ಇಡೀ ದಿನ ಬೇರೆಯವರ ವಾಕ್ಯಗಳನ್ನು ತಿದ್ದಿ ತೀಡುವವಳಿಗೆ ಆ ಒಂದು ವಾಕ್ಯದ ಮೊದಲ ಪದ ಸಿಕ್ಕಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು, ಅಕ್ಕನಿಗಿಂತ ಮೊದಲೇ, ಓಡುವ ಹಾಗೆ ಮೆಟ್ಟಿಲಿಳಿದು ಬಂದಿದ್ದಳು.

ಒಕ್ಕೂಟದಲ್ಲಿ ಅವಳಿಗೆ 'ನಿಘಂಟು' ಎಂದು ಅಡ್ಡಹೆಸರು. ಪದಕ್ಕೆ ಪದ ಹುಡುಕಿಕೊಡುತ್ತಾಳೆಂದು ಎಣ್ಣೆ ಗಿರಣಿಯವರು ಇಟ್ಟದ್ದು. ಪಕ್ಕದ ಊರಿನ ವಾಣಿಜ್ಯ ಮಂಡಳಿಯ ಮುಖ್ಯಸ್ಥರಾದ ಅವರು ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಿಚಿತ್ರ ಗಮನಿಸಿದ್ದಳು. ಇಲ್ಲಿಗೆ ಬರುವವರು ಯಾರೂ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಎಲ್ಲರೂ ಯಾವುದಾದರೂ ಸರಕಿನ ಒಳಗೆ ಇರುತ್ತಿದ್ದರು. ನಮ್ಮ ಮಾವ ಕಬ್ಬಿಣದಲ್ಲಿದ್ದಾರೆ, ನಮ್ಮ ಅಳಿಯ ಸಿಮೆಂಟಲ್ಲಿದ್ದಾನೆ, ಇವರ ತಮ್ಮ ಮೊದಲು ಎಣ್ಣೆಯಲ್ಲಿದ್ದ ಈಗ ಸಕ್ಕರೆಗೆ ಬಂದಿದ್ದಾನೆ. ಅವಳ ಕಣ್ಣಿಗೆ ಸಿಮೆಂಟಿನಲ್ಲಿ ಸೊಂಟದವರೆಗೆ ಹೂತು ನಿಂತ ಅಳಿಯ, ಎಣ್ಣೆಯಿಂದ ಎದ್ದು ತೊಟ್ಟಿಕ್ಕುತ್ತ ಸಕ್ಕರೆಯ ಮೂಟೆಗೆ ಹೋಗಿ ಬೀಳುವ ತಮ್ಮ ಕಾಣುತ್ತಿದ್ದರು. ಅದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಕ್ಕು ಸಾಕಾಗಿ, ಕಣ್ಣೊರೆಸಿಕೊಂಡು, "ಹಂಗಾದ್ರೆ ನಾನು ಎಲ್ಲಿದ್ದೀನೇ?" ಎಂದಳು. "ನೀನು ಜವಳಿಯಲ್ಲಿದ್ದೀಯ ಕಣೇ." "ಅಯ್ಯೋ, ಉಸಿರು ಕಟ್ಟತ್ತೆ, ಯಾರಾದ್ರೂ ಮಡಿಕೆ ಬಿಚ್ಚಿ ಆಚೆ ತೆಗೀರೋ!" ಎಂದು ಅಕ್ಕ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಮತ್ತೆ ನಕ್ಕಿದ್ದಳು. ಆಮೇಲೆ ಬಹಳ ದಿನ ಆಗಿರಲಿಲ್ಲ. ಎಣ್ಣೆ ಗಿರಣಿಯವರು ಟೀ ಹೀರುತ್ತ, ಒಳ್ಳೆಯ ಮನಸ್ಸಿನಿಂದಲೇ, "ಮನೇಲಿ ಯಾರ್ಯಾರಿದ್ದೀರಮ್ಮ?" ಎಂದು ಕೇಳಿದರು. "ನಾನು, ನಮ್ಮ ಅಕ್ಕ." "ಅಕ್ಕ ಏನು ಮಾಡ್ತಾರೆ?" ಅವಳ ಬಾಯಿಂದ, ಅವಳನ್ನು ಕೇಳದೆಯೇ, "ಜವಳಿಯಲ್ಲಿದ್ದಾರೆ" ಎಂದು ಬಂತು. "ಓಹೋ! ಸಗಟೋ ಚಿಲ್ಲರೆಯೋ?" "ಚಿಲ್ಲರೆ." "ಈಗ ಅದರಲ್ಲೇ ಲಾಭ ಬಿಡಿ." ಅಷ್ಟೇ. ಒಂದು ಪದವೂ ಸುಳ್ಳಲ್ಲ. ಯಾವ ನ್ಯಾಯಾಲಯದಲ್ಲೂ ಆ ಮಾತು ನಿಲ್ಲುತ್ತಿತ್ತು. ಅದಾದ ಮೇಲೆ ಅವಳಿಗೆ ಕೂರಲು ಕೊಡುತ್ತಿದ್ದ ಕುರ್ಚಿ ಬದಲಾಯಿತೆಂದಲ್ಲ. ಆದರೆ ಟೀ ಕೊಡುವಾಗ ಲೋಟದ ಕೆಳಗೆ ತಟ್ಟೆ ಇಟ್ಟು ಕೊಡತೊಡಗಿದರು, ಅಥವಾ ಹಾಗೆಂದು ಅವಳಿಗೆ ಅನ್ನಿಸತೊಡಗಿತು.

ಅಕ್ಕನಿಗೆ ಅವಳು ಬೇರೆಯೇ ಒಂದು ಮಾತು ಹೇಳಿದ್ದಳು. "ನಿಮ್ಮ ಸಾಹುಕಾರರೇ ನಮ್ಮ ಅಧ್ಯಕ್ಷರು. ನಾನು ನಿನ್ನ ತಂಗಿ ಅಂತ ಗೊತ್ತಾದ್ರೆ ಶಿಫಾರಸಿನ ಮೇಲೆ ಬಂದವಳು ಅಂತಾರೆ. ನೀನೂ ಹೇಳಬೇಡ, ನಾನೂ ಹೇಳಲ್ಲ." ಅಕ್ಕ ಇದಕ್ಕೆ ತಕ್ಷಣ ಒಪ್ಪಿದ್ದಳು, ಒಪ್ಪಿದ್ದು ಮಾತ್ರವಲ್ಲ, ಹಿಗ್ಗಿದ್ದಳು. ಕೆಳಮನೆಯವರ ಹತ್ತಿರ, ನಮ್ಮ ಗುಬ್ಬಿ ಯಾರ ಕಾಲೂ ಹಿಡೀದೆ ಸ್ವಂತ ಓದಿನ ಮೇಲೆ ಸೇರಿದವಳು, ನನ್ನ ಹೆಸರು ಕೂಡ ಎತ್ತಬಾರದು ಅಂತಾಳೆ ನೋಡಿ ಎಂದು ಹೇಳಿಕೊಂಡು ಬಂದಿದ್ದಳು. ಆ ಮಾತು ಅವಳ ಕಿವಿಗೆ ಬಿದ್ದ ಸಂಜೆ ಊಟ ಸೇರಿರಲಿಲ್ಲ. ಸೇರದ್ದನ್ನು ಅಕ್ಕ ಗಮನಿಸಿ, ಹೊಟ್ಟೆ ಸರಿಯಿಲ್ಲವೇನೋ ಎಂದು ಬಿಸಿನೀರು ಕಾಯಿಸಿ ತಂದುಕೊಟ್ಟಿದ್ದಳು.

ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ಫಲಕದ ಮೇಲೆ 'ಮಾರಾಟ ಸಿಬ್ಬಂದಿ' ಎಂದು ದುಂಡಗೆ ಬರೆದು ಮೇಜಿನ ತುದಿಯಲ್ಲಿ ಇಟ್ಟಳು. ಅಕ್ಷರ ಚೆನ್ನಾಗಿ ಬಂದಿತ್ತು. ಅಧ್ಯಕ್ಷರು ಒಳಗೆ ಬಂದರು. ಅವರ ಬೆನ್ನ ಹಿಂದೆ, ಒಂದು ಹೆಜ್ಜೆ ಓರೆಗೆ, ಗಿರಾಕಿಯ ಜೊತೆ ನಡೆಯುವಾಗಿನ ಅಂತರ ಬಿಟ್ಟುಕೊಂಡು, ಹಸಿರು ಬಟ್ಟೆಯ ಅಕ್ಕ ಬಂದಳು. ಇದು ತಂಗಿಯ ಆಫೀಸೆಂದು ಅಕ್ಕನಿಗೆ ಬಾಗಿಲಲ್ಲಿ ನಿಂತ ಮೇಲೆ ಗೊತ್ತಾಗಿರಬೇಕು. ಅವಳನ್ನು ಕಂಡದ್ದೇ ಅಕ್ಕನ ಮುಖ ದೀಪ ಹಚ್ಚಿದ ಹಾಗೆ ಅರಳಿತು, ತುಟಿ 'ಗು' ಎನ್ನಲು ಮುಂದಕ್ಕೆ ಬಂತು. ಅಲ್ಲೇ ನಿಂತಿತು. ತುಟಿಯನ್ನು ಒಳಗೆಳೆದುಕೊಂಡು, ಕಣ್ಣಲ್ಲಿ ಮಾತ್ರ ತುಂಟತನದ ಒಂದು ಮಿಂಚು ಉಳಿಸಿಕೊಂಡು, ಅಕ್ಕ ಕೈ ಜೋಡಿಸಿದಳು. "ನಮಸ್ಕಾರ ಮೇಡಂ."

"ನಮಸ್ಕಾರ. ಬನ್ನಿ," ಎಂದಳು ಅವಳು. ಹುಟ್ಟಿದಾಗಿನಿಂದ ನೀನು ಎಂದು ಕರೆದವಳನ್ನು ಬನ್ನಿ ಎಂದಾಗ ನಾಲಗೆ ತೊಡರುತ್ತದೆಂದು ಹೆದರಿದ್ದಳು. ತೊಡರಲಿಲ್ಲ. ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳ ಕಿವಿಯ ತುದಿ ಬಿಸಿಯಾಯಿತು. ಅಕ್ಕನಿಗೆ ಇದೊಂದು ಆಟ. ತಂಗಿಯ ಗೌರವ ಕಾಪಾಡುವ, ಮನೆಗೆ ಹೋದ ಮೇಲೆ ನೆನೆನೆನೆದು ನಗಬಹುದಾದ ಆಟ. ಆಟ ಎಂದು ಅಕ್ಕ ತಿಳಿದಿರುವವರೆಗೆ ತಾನು ಬದುಕಿಕೊಂಡೆ ಎಂದು ಅವಳು ಯೋಚಿಸಿದಳು, ಹಾಗೆ ಯೋಚಿಸಿದ್ದಕ್ಕೆ ನಾಚಿಕೊಂಡಳು, ನಾಚಿಕೊಂಡೇ ಟೀ ಲೋಟಗಳ ಕಡೆ ನಡೆದಳು.

ಸಮಿತಿಯವರು ಇನ್ನೂ ಬಂದಿರಲಿಲ್ಲ. ಎಲ್ಲರೂ ಕಿಟಕಿಯ ಬಳಿ ಟೀ ಹಿಡಿದು ನಿಂತಿದ್ದರು.

"ಬನ್ನಿ ಅಕ್ಕ, ಟೀ ತಗೊಳ್ಳಿ," ಎಂದರು ಎಣ್ಣೆ ಗಿರಣಿಯವರು. "ಏನು, ನಮ್ಮ ಅಧ್ಯಕ್ಷರು ಅಂಗಡೀಲಿ ನಿಮಗೂ ಟೀ ಕೊಡ್ತಾರೋ, ಬರೀ ಗಿರಾಕಿಗೋ?"

"ಕೊಡ್ತಾರೆ ಸಾರ್. ಗಿರಾಕಿಗೆ ಮೊದಲು, ನಮಗೆ ಆರಿದ ಮೇಲೆ."

ಎಲ್ಲರೂ ಘೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ಅಧ್ಯಕ್ಷರು ನಕ್ಕರು. "ನೋಡಿದ್ರಾ? ಇದಕ್ಕೇ ಇವರನ್ನ ಕರ್ಕೊಂಡು ಬಂದಿದ್ದು. ಇವರೇನು ಕೆಲಸದವರಾ? ನಮ್ಮನೆಯವರು. ನಾನು ಕಾಲೇಜಿಗೆ ಹೋಗ್ತಿದ್ದಾಗಿಂದ ಇವರು ನನಗೆ ಅಕ್ಕಾನೇ."

"ನನಗೂ ಅಕ್ಕಾನೇ," ಎಂದರು ಕಾರ್ಯದರ್ಶಿ. "ನಮ್ಮನೆ ಮದುವೆ ಬಟ್ಟೆಯೆಲ್ಲ ಇವರ ಕೈಯಲ್ಲೇ ತೆಗೆದಿದ್ದು. ಅಕ್ಕ ಒಂದು ಬಣ್ಣ ಹೇಳಿದ್ರೆ ನಮ್ಮ ಹೆಂಡತಿಗೆ ಎರಡನೇ ಮಾತಿಲ್ಲ."

ಅಕ್ಕ, ಅಕ್ಕ, ಅಕ್ಕ. ಲೋಟದಿಂದ ಲೋಟಕ್ಕೆ ಆ ಪದ ಸುತ್ತುತ್ತಿತ್ತು. ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ, ಯಾರ ಮೈಗೂ ಅಂಟದ ಪದ. ತಾನೂ ಅದನ್ನೇ ಹೇಳಬಹುದೆಂದು ಅವಳಿಗೆ ಆಗ ಹೊಳೆಯಿತು. ಬಿಸ್ಕತ್ತಿನ ತಟ್ಟೆ ಚಾಚಿ, ಎಲ್ಲರ ಧ್ವನಿಯಲ್ಲೇ, "ತಗೊಳ್ಳಿ ಅಕ್ಕ," ಎಂದಳು. ಯಾರೂ ತಿರುಗಿ ನೋಡಲಿಲ್ಲ. ಸತ್ಯವನ್ನೇ ಹೇಳಿದ್ದಳು, ಸುಳ್ಳಿನಷ್ಟು ಕ್ಷೇಮವಾಗಿ. ಅಕ್ಕ ಬಿಸ್ಕತ್ತು ತೆಗೆದುಕೊಳ್ಳುತ್ತ ಕೆಳದುಟಿ ಕಚ್ಚಿ ನಗು ತಡೆದಳು.

"ಅಂದ ಹಾಗೆ," ಎಣ್ಣೆ ಗಿರಣಿಯವರು ಅಕ್ಕನ ಕಡೆ ತಿರುಗಿದರು, "ನಮ್ಮ ನಿಘಂಟು ಮೇಡಂ ಅವರ ಅಕ್ಕಾನೂ ನಿಮ್ಮ ಲೈನಲ್ಲೇ ಇರೋದು. ಜವಳಿಯಲ್ಲಿದ್ದಾರೆ. ಸ್ವಂತ ಅಂಗಡಿ. ನಿಮಗೆ ಗೊತ್ತಿರಬೇಕಲ್ಲ?"

ಸ್ವಂತ ಅಂಗಡಿ ಎಂದು ಅವಳು ಯಾವತ್ತೂ ಹೇಳಿರಲಿಲ್ಲ. ಆ ಪದವನ್ನು ಅವರೇ ಸೇರಿಸಿಕೊಂಡಿದ್ದರು. ಅದು ತನ್ನದಲ್ಲ ಎಂದು ಈ ಕ್ಷಣದಲ್ಲೂ ತನ್ನ ಬುದ್ಧಿ ಲೆಕ್ಕ ಒಪ್ಪಿಸುತ್ತಿರುವುದು ಅವಳಿಗೆ ಕೇಳಿಸಿತು. ಅಕ್ಕನ ಲೋಟ ತುಟಿಯ ಹತ್ತಿರ ಹೋಗಿ ನಿಂತಿತು. ಅಕ್ಕ ಮೊದಲು ಎಣ್ಣೆ ಗಿರಣಿಯವರನ್ನು ನೋಡಿದಳು, ಆಮೇಲೆ ಅವಳನ್ನು. ಕಣ್ಣಿನ ಮಿಂಚು ಒಮ್ಮೆಗೇ ಆರಲಿಲ್ಲ. ಇದೂ ಆಟದ ಭಾಗವಿರಬಹುದೇ ಎಂದು ಸ್ವಲ್ಪ ಹೊತ್ತು ಹುಡುಕಿತು. ಮನೆಯ ನಗು, ಮುಖಕ್ಕೆ ಎಳೆದುಕೊಂಡ ಹೊದಿಕೆ, ಹೆಸರು ಎತ್ತಬೇಡ ಎಂದದ್ದು, ಕೆಳಮನೆಯವರಿಗೆ ಹೇಳಿಕೊಂಡು ಬಂದದ್ದು, ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿರುವುದು ಅವಳಿಗೆ ಕಾಣಿಸಿತು. ಥಾನಿನ ಬಟ್ಟೆಯಲ್ಲಿ ಎಳೆ ಎಲ್ಲಿ ತಪ್ಪಿದೆಯೆಂದು ಹುಡುಕುವಾಗ ಅಕ್ಕ ಹೀಗೇ ನೋಡುತ್ತಾಳೆ. ಆಮೇಲೆ ಅಕ್ಕ ಟೀ ಕುಡಿದಳು.

"ಹೌದಾ ಮೇಡಂ? ಎಲ್ಲಿದೆ ನಿಮ್ಮಕ್ಕನ ಅಂಗಡಿ?"

"ಇಲ್ಲಿಂದ... ಸ್ವಲ್ಪ ದೂರ."

"ವ್ಯಾಪಾರ ಚೆನ್ನಾಗಿದೆಯಾ?"

"ಪರವಾಗಿಲ್ಲ."

"ಒಳ್ಳೇದು," ಎಂದಳು ಅಕ್ಕ. "ಕೇಳ್ದೆ ಅಂತ ಹೇಳಿ ಅವರಿಗೆ."

ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವಳು ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅದು ಅಂಗಡಿಯ ದನಿ. ಏನೂ ಕೊಳ್ಳದೆ ಹೊರಟ ಗಿರಾಕಿಗೂ ಇನ್ನೊಮ್ಮೆ ಬನ್ನಿ ಎನ್ನುವ, ನುಣುಪಾದ, ಮಡಿಕೆ ಬೀಳದ ದನಿ. ಇಷ್ಟು ವರ್ಷದಲ್ಲಿ ಆ ದನಿಯನ್ನು ಅಕ್ಕ ಮನೆಯ ಹೊಸಿಲು ದಾಟಿಸಿ ತಂದಿರಲಿಲ್ಲ. ಅವಳ ಕೈಯಲ್ಲಿ ಇನ್ನೂ ಬಿಸ್ಕತ್ತಿನ ತಟ್ಟೆಯಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕಾರ್ಯದರ್ಶಿಗೆ ಎರಡು ಸಲ ಕೊಟ್ಟಳು.

ಸಮಿತಿಯವರು ಬಂದರು. ಬಡಕಲು ಮೈಯ ನಿವೃತ್ತ ನ್ಯಾಯಾಧೀಶರು ಕುರ್ಚಿಯ ಮೇಲೆ ತಾವೇ ತಂದ ದಿಂಬೊಂದನ್ನು ಇಟ್ಟುಕೊಂಡು ಕೂತು, ತಮ್ಮ ಬರಹಗಾರ ಇವತ್ತು ಬಂದಿಲ್ಲವೆಂದೂ ನಡಾವಳಿ ಬರೆದುಕೊಳ್ಳಲು ಯಾರಾದರೂ ಬೇಕೆಂದೂ ಹೇಳಿದರು. ಕಾರ್ಯದರ್ಶಿ ಅವಳನ್ನು ತೋರಿಸಿದರು. ಅವಳು ಮೇಜಿನ ಆ ತುದಿಗೆ, ಅಕ್ಕನ ಪಕ್ಕಕ್ಕೆ, ಹೋಗಿ ಕೂರಬೇಕಾಯಿತು. ಅಧ್ಯಕ್ಷರು ಒಕ್ಕೂಟದ ನಿಲುವನ್ನು ಓದಿದರು. ಗಿರಾಕಿಯ ಮುಂದೆ ನಿಂತು ಆದರಿಸುವುದು ಸೇವೆಯ ಭಾರವಲ್ಲ, ಅದು ವ್ಯಾಪಾರದ ವಿನಯ. ವಿನಯವನ್ನು ಕಾನೂನಿನಿಂದ ಕೂರಿಸಲಾಗದು. ಆ ವಾಕ್ಯ ಬಂದಾಗ ಮಂಡಳಿಗಳವರು ಮೇಜು ತಟ್ಟಿದರು. ಎಣ್ಣೆ ಗಿರಣಿಯವರು ಇದು ನಿನ್ನದು ತಾನೇ ಎನ್ನುವ ಹಾಗೆ ಅವಳ ಕಡೆ ನೋಡಿ ಹುಬ್ಬು ಹಾರಿಸಿದರು. ಅಕ್ಕ ಆ ಹುಬ್ಬನ್ನು ನೋಡಿದಳು.

ಅದನ್ನು ಮನೆಯಲ್ಲಿ ಬರೆದ ಸಂಜೆ ಅಕ್ಕ ಅದೇ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಕಾಲುಗಳನ್ನು ಗೋಡೆಗೆ ಎತ್ತಿ ಇಟ್ಟಿದ್ದಳು. ಅಂಗಡಿಯಿಂದ ಬಂದ ಮೇಲೆ ದಿನವೂ ಹಾಗೇ. ಹಿಮ್ಮಡಿಯ ಗುರುತು ಬಿದ್ದು ಬಿದ್ದು ಗೋಡೆಯ ಆ ಜಾಗದಲ್ಲಿ ಸುಣ್ಣದ ಬಣ್ಣ ಬೇರೆಯಾಗಿದೆ. ಮೊಣಕಾಲ ಹಿಂದೆ ನೀಲಿ ನರಗಳು ಎದ್ದು ಹೆಣೆದುಕೊಂಡಿವೆ. ಊಟವನ್ನು ಅಕ್ಕ ಒಲೆಯ ಕಟ್ಟೆಗೆ ಒರಗಿ ನಿಂತೇ ಮಾಡುತ್ತಾಳೆ. ನಿಲ್ಲುವುದಕ್ಕಿಂತ ಕೂತು ಏಳುವುದೇ ಅಕ್ಕನಿಗೆ ಕಷ್ಟ. ಒಂದು ಸಲ ಕೂತ್ರೆ ನನ್ನ ಎಬ್ಬಿಸೋಕೆ ಕ್ರೇನು ತರಿಸಬೇಕು ಗುಬ್ಬಿ ಎನ್ನುತ್ತಾಳೆ. "ಏನು ಬರೀತಿದ್ದೀಯೇ ಅಷ್ಟೊಂದು?" ಎಂದು ಆ ಸಂಜೆ ಅಕ್ಕ ನೆಲದಿಂದಲೇ ಕೇಳಿದ್ದಳು. "ಆಫೀಸಿಂದು." "ವಿನಯ ಅನ್ನೋಕೆ ಇನ್ನೊಂದು ಪದ ಇದೆಯಾ" ಎಂದು ಅವಳು ತನ್ನಷ್ಟಕ್ಕೆ ಗೊಣಗಿಕೊಂಡದ್ದಕ್ಕೆ ಅಕ್ಕ, "ಬೆನ್ನುನೋವು" ಎಂದು ನಕ್ಕಿದ್ದಳು. ಅವಳೂ ನಕ್ಕಿದ್ದಳು. ನಕ್ಕು, ವಿನಯ ಎಂದೇ ಬರೆದಿದ್ದಳು.

"ಅಮ್ಮ, ನೀವು ಹೇಳಿ," ಎಂದರು ನ್ಯಾಯಾಧೀಶರು. ಅಕ್ಕ ಎದ್ದು ನಿಂತಳು. ಅಲ್ಲ, ಅಕ್ಕ ಕೂತೇ ಇರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ಇಷ್ಟು ಹೊತ್ತೂ ನಿಂತಿದ್ದಳು. ಪಕ್ಕದಲ್ಲೇ ಇದ್ದ ಅವಳು ಅದನ್ನು ಈಗ ಗಮನಿಸಿದಳು.

"ಕೂತ್ಕೊಂಡೇ ಮಾತಾಡಿ."

"ಬೇಡ ಸಾರ್. ನಿಂತೇ ಸರಿಹೋಗತ್ತೆ."

"ನೋಡಿ ಸಾರ್," ಎಂದರು ಅಧ್ಯಕ್ಷರು, ಕೈ ಅಗಲಿಸಿ. "ನಾನು ಇದಕ್ಕಿಂತ ಹೆಚ್ಚು ಏನು ಹೇಳಲಿ? ಕುರ್ಚಿ ಮುಂದಿದ್ರೂ ಕೂರಲ್ಲ."

ಮಂಡಳಿಗಳವರ ಸಾಲಿನಲ್ಲಿ ತಲೆಗಳು ಮೆಚ್ಚುಗೆಯಿಂದ ಅಲ್ಲಾಡಿದವು. ಅಕ್ಕ ಯಾಕೆ ಕೂರುವುದಿಲ್ಲವೆಂದು ಆ ಕೋಣೆಯಲ್ಲಿ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಪೆನ್ನಿನ ಮೊನೆಯನ್ನು ನೋಡುತ್ತಿದ್ದಳು. ಈಗ ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಗೆ ಗೊತ್ತು ಎಂದರೆ ಗೋಡೆ ಬರುತ್ತದೆ, ಒಲೆಯ ಕಟ್ಟೆ ಬರುತ್ತದೆ, ರಸ ಹೋದ ಕನ್ನಡಿ ಬರುತ್ತದೆ, ಸ್ವಲ್ಪ ದೂರದ ಅಂಗಡಿ ಈ ಮೇಜಿನ ನಡುವೆ ಬಂದು ಬೀಳುತ್ತದೆ.

"ದಿನವೆಲ್ಲ ನಿಂತಿರ್ತೀರಲ್ಲ, ಕೂರಬೇಕು ಅಂತ ಅನ್ನಿಸಲ್ವಾ?"

"ಅನ್ನಿಸತ್ತೆ ಸಾರ್. ಯಾರಿಗೆ ಅನ್ನಿಸಲ್ಲ? ಹಸಿವಾಗಲ್ವಾ ಅಂದ ಹಾಗಾಯ್ತು." ಅಧ್ಯಕ್ಷರ ನಗು ಅರ್ಧಕ್ಕೆ ನಿಂತಿತು. ಅಕ್ಕ ಅವರ ಮುಖವನ್ನೊಮ್ಮೆ ನೋಡಿದಳು. ಆಮೇಲೆ, ಯಾಕೋ, ತನ್ನ ಪಕ್ಕದಲ್ಲಿ ಬಗ್ಗಿದ ಆ ನೆತ್ತಿಯನ್ನು ನೋಡಿದಳು. ಅಕ್ಕನ ನೋಟ ಬೈತಲೆಯ ಮೇಲೆ ಕೈಯಿಟ್ಟ ಹಾಗೆ ಅವಳಿಗೆ ತಿಳಿಯಿತು. "ಆದ್ರೆ ಅಭ್ಯಾಸ ಆಗಿದೆ ಸಾರ್. ಇಷ್ಟು ವರ್ಷ ನಿಂತೇ ಮನೆ ನಡೆಸಿದ್ದೀನಿ, ಓದಿಸಿದ್ದೀನಿ. ಈಗ ಕೂರಿಸಿದ್ರೆ ನನಗೇ ಗೊತ್ತಾಗಲ್ಲ."

"ಯಾರನ್ನ ಓದಿಸಿದ್ರಿ? ಮಕ್ಕಳಾ?"

ಪೆನ್ನು ಕಾಗದದ ಮೇಲೆ ನಿಂತಲ್ಲೇ ಮಸಿ ಹರಡುತ್ತಿತ್ತು.

"ಮಗಳ ಥರ ಒಬ್ಬಳು ಸಾರ್," ಎಂದಳು ಅಕ್ಕ. "ದೂರ ಇದ್ದಾಳೆ."

ನ್ಯಾಯಾಧೀಶರು ತಲೆಯಾಡಿಸಿ, ದಿಂಬು ಸರಿಮಾಡಿಕೊಂಡು, ಬರೆದದ್ದನ್ನು ಓದಿ ಎಂದರು. ಅವಳು ಓದಿದಳು. 'ಸಾಕ್ಷಿಗೆ ನಿಂತು ಕೆಲಸ ಮಾಡುವುದು ಅಭ್ಯಾಸವಾಗಿದೆ. ವಿಚಾರಣೆಯ ವೇಳೆ ಆಸನ ನೀಡಿದರೂ ಸಾಕ್ಷಿ ನಿರಾಕರಿಸಿದರು.' ತನ್ನ ದನಿ ಸ್ಪಷ್ಟವಾಗಿ, ಉಚ್ಚಾರ ಶುದ್ಧವಾಗಿ, ಹಿಂದಿನ ಸಾಲಿನವರೆಗೆ ಕೇಳಿಸಿತು. ಅನ್ನಿಸತ್ತೆ ಸಾರ್ ಎಂಬುದು ಎಲ್ಲಿ ಬಿದ್ದುಹೋಯಿತೆಂದು ಅವಳಿಗೂ ತಿಳಿಯಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಬೇಕೆಂದು ಬಿಡಬೇಕಾದ ಅಗತ್ಯವೇ ಇಲ್ಲದಷ್ಟು ಅವಳ ಕೈ ಪಳಗಿತ್ತು. ಹಸಿವು, ಆಸೆ, ನಗು, ಇಂಥವು ಅವಳ ಜರಡಿಯಲ್ಲಿ ತಾವೇ ಕೆಳಗೆ ಸೋರಿ ಮೇಲೆ ನಿಲುವು ಮಾತ್ರ ಉಳಿಯುತ್ತಿತ್ತು.

"ಸರಿಯಾಗಿದೆಯಾಮ್ಮ? ಏನಾದ್ರೂ ಸೇರಿಸಬೇಕಾ?"

ಹೇಳಿಬಿಡು ಅಕ್ಕಾ, ಎಂದುಕೊಂಡಳು ಅವಳು. ನಾನು ಹೇಳಲಾರದ್ದನ್ನು ನೀನೇ ಹೇಳಿಬಿಡು. ಇದನ್ನೂ ನೀನೇ ಮಾಡು.

"ಮೇಡಂ ಓದಿದವರು ಸಾರ್," ಎಂದಳು ಅಕ್ಕ. "ಸರಿಯಾಗೇ ಬರ್ದಿರ್ತಾರೆ."

ವಿಚಾರಣೆ ಮುಗಿದಾಗ ಅಧ್ಯಕ್ಷರು ನ್ಯಾಯಾಧೀಶರನ್ನು ಊಟಕ್ಕೆ ಕರೆದುಕೊಂಡು ಹೊರಟರು, ಅಕ್ಕನನ್ನು ಕರೆತಂದ ಕಾರಿನಲ್ಲೇ. ಮಂಡಳಿಗಳವರು ಅವಳ ಕೈ ಕುಲುಕಿದರು. ಅವಳು ಫಲಕಗಳನ್ನು ಒಟ್ಟುಮಾಡುತ್ತಿದ್ದಂತೆ, ಅಕ್ಕ ಯಾರಿಗೂ ಹೇಳದೆ ಹೊರಗೆ ಹೋದದ್ದು ಕಿಟಕಿಯಲ್ಲಿ ಕಂಡಿತು. ಎಲ್ಲವನ್ನೂ ಅಲ್ಲೇ ಬಿಟ್ಟು ಅವಳು ಓಡಿದಳು. ಅಕ್ಕ ಕಟ್ಟಡದ ಮುಂದೆ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹಸಿರು ಆ ಬೆಳಕಿನಲ್ಲಿ ನಿಜಕ್ಕೂ ಒಪ್ಪುತ್ತಿತ್ತು.

"ಅಕ್ಕಾ."

"ಇಲ್ಲಿ ಬಸ್ಸು ಯಾವ ಕಡೆ ಸಿಗತ್ತೆ?" ಎಂದಳು ಅಕ್ಕ.

ನೀನು ಎನ್ನಲಿಲ್ಲ, ನೀವು ಎನ್ನಲಿಲ್ಲ. ದಾರಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದಾದ ಹಾಗೆ, ಎದುರಿಗಿದ್ದವರು ಯಾರೆಂಬುದಕ್ಕೆ ಜಾಗವೇ ಇಲ್ಲದ ವಾಕ್ಯ. ಅಕ್ಕ ಇಂಥದ್ದೊಂದು ವಾಕ್ಯವನ್ನು ಹುಡುಕಿ ಆರಿಸಿ ಆಡಿದಳೋ, ಸುಸ್ತಿನಲ್ಲಿ ಹಾಗೇ ಬಂತೋ, ಅವಳಿಗೆ ಗೊತ್ತಾಗಲಿಲ್ಲ. "ಅಕ್ಕಾ, ನಾನು ಸ್ವಂತ ಅಂಗಡಿ ಅಂತ ಹೇಳಿರಲಿಲ್ಲ," ಎಂದಳು. ಹೇಳಬೇಕೆಂದಿದ್ದದ್ದು ಅದಲ್ಲ. ಅಕ್ಕ ತಿರುಗಿ ನೋಡಿದಳು. ಅಷ್ಟರಲ್ಲಿ ಕಾರ್ಯದರ್ಶಿಯ ಕಾರು ಪಕ್ಕಕ್ಕೆ ಬಂದು ನಿಂತಿತು.

"ಬನ್ನಿ ಮೇಡಂ, ಹತ್ತಿ. ಅಕ್ಕ, ನೀವೂ ಬನ್ನಿ, ಶೋರೂಮಿನ ಮುಂದೇ ಹೋಗ್ತೀನಿ."

ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ನಡುವೆ ಅವಳ ಕೈಚೀಲ. ಕಾರು ರಸ್ತೆಗೆ ಇಳಿಯಿತು. ಕಾರ್ಯದರ್ಶಿ ಬಹಳ ಖುಷಿಯಲ್ಲಿದ್ದರು. ಒಕ್ಕೂಟ ಗೆದ್ದ ಹಾಗೇ, ಅಕ್ಕನ ಮಾತು ಸರಿಯಾದ ಜಾಗಕ್ಕೆ ಬಿತ್ತು ಎಂದರು. ಅವಳು ಎದುರಿನ ಕನ್ನಡಿಯಲ್ಲಿ ಕಾಣುತ್ತಿದ್ದ ಅವರ ಕಣ್ಣುಗಳನ್ನೇ ನೋಡುತ್ತಿದ್ದಳು. ಈಗ ಅಲ್ಲದಿದ್ದರೆ ಇನ್ನು ಇಲ್ಲ.

"ಸಾರ್, ಇವರು ನನ್ನ ಅಕ್ಕ."

ಕನ್ನಡಿಯ ಕಣ್ಣುಗಳು ನಕ್ಕವು. "ಗೊತ್ತಲ್ಲ ಮೇಡಂ! ನಿಮಗೆ ಮಾತ್ರ ಏನು, ನಮಗೆಲ್ಲರಿಗೂ ಅಕ್ಕಾನೇ. ಅಲ್ವಾ ಅಕ್ಕ?"

ಅವಳ ಬಳಿ ಇನ್ನೂ ಪದಗಳಿದ್ದವು. ಒಡಹುಟ್ಟಿದವಳು. ಒಂದೇ ತಾಯಿಯ ಮಕ್ಕಳು. ಸಾಕಿದವಳು. ಯಾರೂ ಹಂಚಿಕೊಳ್ಳಲಾಗದ, ಯಾರಿಗೂ ತಪ್ಪಾಗಿ ಕೇಳಿಸದ ಪದಗಳು. ಒಂದನ್ನು ಎತ್ತಿಕೊಂಡರೆ ಸಾಕಿತ್ತು. ಅವಳು ಬಾಯಿ ತೆರೆದಳು. ಹೇಳಿಯಾಯಿತಲ್ಲ, ಅವರು ಕೇಳಿಸಿಕೊಳ್ಳಲಿಲ್ಲ, ಅದೇನು ತನ್ನ ತಪ್ಪೇ ಎಂದು ಒಳಗೆ ಯಾರೋ ನಯವಾಗಿ, ಶುದ್ಧವಾದ ಭಾಷೆಯಲ್ಲಿ, ವಾದಿಸತೊಡಗಿದ್ದರು. ಅಷ್ಟರಲ್ಲಿ ಅಕ್ಕ, "ಹೌದು ಸಾರ್," ಎಂದಳು. "ಎಲ್ಲರಿಗೂ ಅಕ್ಕಾನೇ." ಕಿಟಕಿಯ ಕಡೆಗೆ ಮುಖ ಮಾಡಿ ಹೇಳಿದಳು. ಅದು ತನ್ನನ್ನು ಉಳಿಸಿದ್ದೋ, ಬಿಟ್ಟುಕೊಟ್ಟದ್ದೋ, ಅವಳು ಅಕ್ಕನ ಕೆನ್ನೆಯಲ್ಲಿ ಓದಲು ನೋಡಿದಳು. ಬಾಯಿ ಮುಚ್ಚಿಕೊಂಡಿತು.

ಶೋರೂಮಿನ ಮುಂದೆ ಕಾರು ನಿಂತಿತು. ಅಕ್ಕ ಬಾಗಿಲು ತೆಗೆದು, ಒಂದು ಕಾಲನ್ನು ಕೈಯಿಂದ ಎತ್ತಿ ಹೊರಗಿಟ್ಟಳು. ಇನ್ನೊಂದನ್ನು ಎತ್ತಿ ಇಟ್ಟಳು. ಬಾಗಿಲಿನ ಅಂಚು ಹಿಡಿದು ಏಳಲು ನೋಡಿ, ಆಗದೆ, ಮತ್ತೆ ಸೀಟಿಗೆ ಬಿದ್ದಳು. ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣಿಸಿತು. ಅವಳ ಕೈ ಮನೆಯ ಅಭ್ಯಾಸದಂತೆ ಅಕ್ಕನ ತೋಳಿನ ಕೆಳಗೆ ಹೋಗಲು ಹೊರಟು, ಕೈಚೀಲದ ಮೇಲೆ ನಿಂತಿತು. ಎರಡನೆಯ ಸಲಕ್ಕೆ ಅಕ್ಕ ಎದ್ದಳು. ಬಟ್ಟೆಯ ಸುಕ್ಕು ಸರಿಮಾಡಿಕೊಂಡು, ಒಳಗೆ ಬಗ್ಗಿ, "ಬರ್ತೀನಿ ಸಾರ್. ಬರ್ತೀನಿ ಮೇಡಂ," ಎಂದು ಗಾಜಿನ ಬಾಗಿಲ ಕಡೆ ನಡೆದಳು.

ಕಾರ್ಯದರ್ಶಿ ಗಾಡಿ ಮುಂದಕ್ಕೆ ಬಿಡದೆ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಿದ್ದರು.

"ಪಾಪ, ಅಕ್ಕನಿಗೆ ಕಾಲಲ್ಲಿ ಏನೋ ತುಂಬ ತೊಂದರೆ ಇದೆ ಮೇಡಂ. ಇಳೀವಾಗ ನೋಡಿದ್ರಾ?"

"ಇಲ್ಲ ಸಾರ್," ಎಂದಳು ಅವಳು. "ನಾನು ನೋಡಲಿಲ್ಲ."